ಮೂರು ವರ್ಷದ ಮಣ್ಣು

ವೋಲೋಸ್
ಶನಿವಾರ, ಮಾರ್ಚ್ 5, 1994

ಪ್ರಿಯ ಮಿರ್ಸಿನಿ,

ಈ ಕೆಳಗೆ ರುಜು ಮಾಡಿರುವ ಅರ್ಗಿರಿಸ್ ಎಂಬ ನಾನು, ಪ್ರೌಢಶಾಲೆಯ ನಿವೃತ್ತ ಭಾಷಾ ಮೇಷ್ಟರು, ಸ್ಥಿರಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ತಪ್ಪೊಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಿಗ್ಗೆ ಊರಿನ ಪ್ರಾಚ್ಯವಸ್ತು ಮ್ಯೂಸಿಯಮ್ಮಿನಲ್ಲಿ, ಗೋರಿಗಳನ್ನಿಟ್ಟಿರುವ ಕೋಣೆಯಲ್ಲಿ, ತಿಂಡಿ ತಿನಿಸು ನಿಷೇಧಿಸಿದೆ ಎಂಬ ಫಲಕದ ಕೆಳಗೇ ಕುಳಿತು, ಕೋಟಿನ ಜೇಬಿನಿಂದ ಪೊಟ್ಟಣ ತೆಗೆದು ಸತ್ತವರ ಗೋಧಿಯನ್ನು ತಿಂದೆ. ನಾನು ತಿಂದದ್ದಲ್ಲದೆ ಸರಕಾರಿ ಸಂಬಳ ಪಡೆಯುವ ಒಬ್ಬ ಹೆಂಗಸಿಗೂ ತಿನ್ನಿಸಿದೆ. ಆಕೆಯನ್ನು ಕ್ಷಮಿಸಿ, ನನಗೆ ತಕ್ಕ ಶಿಕ್ಷೆ ವಿಧಿಸಬೇಕಾಗಿ ಪ್ರಾರ್ಥನೆ.

ಇಂದು ತೀರಿಕೊಂಡವರ ಶನಿವಾರ ಎಂಬುದು ನಿನಗೆ ಗೊತ್ತೇ ಇದೆ. ಸೇಂಟ್ ನಿಕೋಲಸ್ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾದ್ರಿಯವರು ಸತ್ತವರ ಹೆಸರಿನ ಚೀಟಿಗಳನ್ನು ಹರಾಜು ಕೂಗುವವರ ವೇಗದಲ್ಲಿ ಓದಿದರು. ನಾನು ಚೀಟಿ ಕೊಡಲಿಲ್ಲ, ಪೆನ್ನಿನಲ್ಲಿ ಶಾಯಿ ಮುಗಿದಿತ್ತು. ಆದರೂ ಬಾಗಿಲಲ್ಲಿ ನಿಂತ ಹೆಂಗಸರು ಕೈಗೊಂದು ಪೊಟ್ಟಣ ತುರುಕಿದರು. ಬೇಯಿಸಿದ ಗೋಧಿ, ದಾಳಿಂಬೆ, ಸಕ್ಕರೆ, ಬಾದಾಮಿ. ಅದನ್ನು ಎಲ್ಲಿ ಕೂತು ತಿನ್ನುವುದು? ಹೊರಗೆ ಚಳಿಗಾಳಿ. ಮ್ಯೂಸಿಯಮ್ಮಿನಲ್ಲಿ ಬೆಚ್ಚಗಿರುತ್ತದೆ, ಮುದುಕರಿಗೆ ಬಿಟ್ಟಿ, ಮಾತನಾಡಿಸುವವರು ಯಾರೂ ಇರುವುದಿಲ್ಲ.

ಆದರೆ ಇದ್ದರು. ಆ ಕೋಣೆಯ ಕಾವಲಿಗೆ ತಸೂಲಾ ಎಂಬ ಹೆಂಗಸಿದ್ದಾಳೆ, ಕೀಲಿಗೊಂಚಲಿನಷ್ಟೇ ಸದ್ದು ಮಾಡುವವಳು. ಹಿಂದಿನಿಂದ ಬಂದು,

"ಮೇಷ್ಟ್ರೇ, ಇದು ಅಗೆದಿದ್ದನ್ನ ಇಡೋ ಜಾಗ. ಅಗಿಯೋ ಜಾಗ ಅಲ್ಲ," ಎಂದಳು.

ಜೀವನವಿಡೀ ಮಕ್ಕಳಿಗೆ ಪದಗಳ ಚೇಷ್ಟೆ ಕಲಿಸಿದ ನನಗೇ ಈ ಏಟು! ಪೊಟ್ಟಣ ತೋರಿಸಿದೆ. ಅವಳ ಮುಖ ಬದಲಾಯಿತು. ಅಂಗೈ ಚಾಚಿದಳು. ಈ ಗೋಧಿಯನ್ನು ಬೇಡ ಎನ್ನುವವರು ನಮ್ಮಲ್ಲಿ ಹುಟ್ಟಿಲ್ಲವಲ್ಲ. ಒಂದು ಹಿಡಿ ಹಾಕಿದೆ. ಬಾಯಿಯ ಹತ್ತಿರ ಒಯ್ದವಳು ತಡೆದು,

"ದೇವ್ರು ಕ್ಷಮಿಸ್ಲಿ... ಯಾರನ್ನ?" ಎಂದು ಕೇಳಿದಳು.

ಸತ್ತವರೊಬ್ಬರ ಹೆಸರು ಹೇಳದೆ ಅವಳು ತಿನ್ನುವ ಹಾಗಿಲ್ಲ. ಅವಳು ತಿನ್ನದೆ ನಾನು ಏಳುವ ಹಾಗಿಲ್ಲ. ಎದುರಿಗೆ ಗಾಜಿನೊಳಗೆ ಒಬ್ಬಾಕೆ ಮಲಗಿದ್ದಾಳೆ. ಅಗೆದಾಗ ಹೇಗಿದ್ದಳೋ ಹಾಗೆಯೇ, ಕಲ್ಲುಗೋರಿಯ ಸಮೇತ ತಂದಿಟ್ಟಿದ್ದಾರೆ. ನಾನು ಅತ್ತ ಕೈ ತೋರಿಸಿದೆ. "ಈಕೇನ."

"ಹೆಸರು?"

"ಫಲಕದಲ್ಲಿ ಬರೆದಿಲ್ಲ. ಬರೀ 'ಸ್ತ್ರೀ' ಅಂತಿದೆ."

"ಈಯಮ್ಮ ಯೇಸುಗಿಂತ ಹಳಬಳು. ಕ್ಷಮಿಸೋಕೆ ಕಾನೂನಲ್ಲಿ ಅವಕಾಶ ಇದ್ಯೋ ಇಲ್ವೋ."

"ಅರ್ಜಿ ಹಾಕಿರೋಣ."

"ಆಯ್ತು. ದೇವ್ರು ಕ್ಷಮಿಸ್ಲಿ, ಈ ಯಾರೋ ಅಮ್ಮನ್ನ." ಹಾಗೆಂದು ತಿಂದಳು. ಬಾದಾಮಿ ಕಡಿಮೆಯಾಯಿತು ಎಂದೂ ಹೇಳಿದಳು.

ಇನ್ನು ಮನೆ ವಿಷಯ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮನ ದೀಪವೂ ಚೆನ್ನಾಗಿ ಉರಿಯುತ್ತಿದೆ. ಪ್ರತಿ ಶನಿವಾರ ಹೋಗಿ ಎಣ್ಣೆ ಹಾಕುತ್ತೇನೆ. ಆ ಒಂದು ವಿಷಯದಲ್ಲಿ ಈ ಊರಿನಲ್ಲಿ ನನ್ನಷ್ಟು ನಿಯತ್ತಿನ ಗಂಡಸು ಇನ್ನೊಬ್ಬನಿಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಸ್ಮಶಾನದ ಕಚೇರಿಯಿಂದ ಫೋನು ಬಂದಿತ್ತು. ಮೂರು ವರ್ಷವಾಯಿತಂತೆ.

ನಿನ್ನ ಅಪರಾಧಿ ತಂದೆ,
ಅರ್ಗಿರಿಸ್

*

ಎವ್ದಿಲೋಸ್, ಇಕಾರಿಯಾ
ಮಾರ್ಚ್ 24

ಅಪ್ಪಾ,

ನಿನ್ನ ಕಾಗದ ಇದ್ದ ಹಡಗು ನಮ್ಮ ಬಂದರಿನ ಮುಂದೆ ಒಂದು ಸುತ್ತು ಹಾಕಿ, ಗಾಳಿಗೆ ಹೆದರಿ, ಹಾಗೇ ಸಮೋಸ್ ದ್ವೀಪಕ್ಕೆ ಹೋಗಿಬಿಟ್ಟಿತು. ಮರಳಿ ಬರುವಾಗ ಚೀಲ ಇಳಿಸಿದರು. ಈ ದ್ವೀಪದ ಮುದುಕರು ಸಾಯುವುದನ್ನು ಮರೆತಿದ್ದಾರೆ ಎಂದು ನೀನು ಗೇಲಿ ಮಾಡುತ್ತೀಯಲ್ಲ, ಇಲ್ಲಿಂದ ಹೊರಟುಹೋಗಲು ಯಾರಿಗೂ ಸರಿಯಾದ ಸಾರಿಗೆ ವ್ಯವಸ್ಥೆಯಿಲ್ಲ, ಅದೇ ಕಾರಣ.

ನಿನ್ನ ಅಪರಾಧವನ್ನು ಮನ್ನಿಸಲಾಗಿದೆ. ಆದರೆ ಎಣಿಸಿ ನೋಡು: ಗೋಧಿಗೆ ಎರಡು ಪುಟ, ಅಮ್ಮನಿಗೆ ಎರಡು ಸಾಲು. "ಮೂರು ವರ್ಷವಾಯಿತಂತೆ" ಎಂದು ಬರೆದು ರುಜು ಹಾಕಿದ್ದೀಯ, ಹಾಲಿನವನ ಬಾಕಿ ಎಂಬಂತೆ.

ಫೋನಿನಲ್ಲಿ ಕೇಳೋಣವೆಂದರೆ ನಾವಿಬ್ಬರೂ ಹವಾಮಾನ ಇಲಾಖೆಯವರಾಗಿಬಿಡುತ್ತೇವೆ. ಹಾಗಾಗಿ ಬರೆಯುತ್ತಿದ್ದೇನೆ. ಗೋರಿಯ ಜಾಗ ಕೊಡುವುದು ಮೂರೇ ವರ್ಷಕ್ಕೆ, ಅಮ್ಮನನ್ನು ಮಣ್ಣಿನಿಂದ ತೆಗೆಯುವ ದಿನ ಗೊತ್ತು ಮಾಡು. ಗಡುವಿನೊಳಗೆ ಮನೆಯವರು ಯಾರೂ ಹೋಗಿ ನಿಲ್ಲದಿದ್ದರೆ ಅವರೇ ತೆಗೆದು ಸಾಮೂಹಿಕ ಗುಂಡಿಗೆ ಹಾಕುತ್ತಾರೆ, ಊರಿನವರೆಲ್ಲರ ಜೊತೆ. ಆಮೇಲೆ ಅಮ್ಮ ಯಾರು, ಮೀನಂಗಡಿಯವನ ಅತ್ತೆ ಯಾರು ಎಂದು ದೇವರೇ ಕೂತು ವಿಂಗಡಿಸಬೇಕು. ನನಗೆ ಅದು ಬೇಡ. ಅಮ್ಮ ತೊಳೆದ ಮೂಳೆಯಾಗಿ, ತನ್ನ ಹೆಸರಿನ ಪೆಟ್ಟಿಗೆಯಲ್ಲಿ, ಅಸ್ಥಿಮನೆಯ ಕಪಾಟಿನಲ್ಲಿ ಇರಬೇಕು.

ಮಣ್ಣು ಹಾಕಲು ನನಗೆ ಬರಲಾಗಲಿಲ್ಲ. ಆ ದಿನ ಇದೇ ಬಂದರಿನ ಧಕ್ಕೆಯ ಮೇಲೆ ಚೀಲ ಹಿಡಿದು ನಿಂತಿದ್ದೆ, ಸಮುದ್ರದ ಮೇಲೆ ಒಂದು ಹಡಗಿಲ್ಲ. ಸಂಜೆ ಒಂದು ಹೆರಿಗೆಗೆ ಕರೆ ಬಂತು, ಹೋದೆ. ಹುಟ್ಟಿದ ಹುಡುಗಿ ಈಗ ಮಾತಾಡುತ್ತಾಳೆ. ತೆಗೆಯುವುದಕ್ಕಾದರೂ ನಾನು ಬರಲೇಬೇಕು.

ಗೋರಿಯ ಮೇಲೆ ಏನು ನೆಟ್ಟಿದ್ದೀಯ? ಒಂದು ಸಲ ಸರಿಯಾಗಿ ವರ್ಣಿಸಿ ಬರೆ. ನಾನು ನೋಡಿಲ್ಲ. ಮತ್ತೆ, ಅವಳಿಗೆ ಹೆಸರಿತ್ತು ಅಪ್ಪಾ. ಮೂರು ವರ್ಷದ ಕಾಗದಗಳಲ್ಲಿ ಅದು ಒಂದು ಸಲವೂ ಇಲ್ಲ.

ಮಿರ್ಸಿನಿ

*

ವೋಲೋಸ್
ಶನಿವಾರ, ಏಪ್ರಿಲ್ 9

ಪ್ರಿಯ ಮಗಳೇ,

ವರ್ಣನೆ ಕೇಳಿದ್ದೀಯ. ಬಿಳಿ ಬೆಣಚುಕಲ್ಲು. ಆಲಿವ್ ಎಣ್ಣೆಯ ಡಬ್ಬಿಯಲ್ಲಿ ಜೆರೇನಿಯಂ. ತಲೆಯ ಕಡೆ ಮರದ ಶಿಲುಬೆ, ಅದರ ಮುಂದೆ ಗಾಜಿನ ಗೂಡಿನಲ್ಲಿ ದೀಪ. ಪಕ್ಕದಲ್ಲಿ ಸೈಪ್ರಸ್ ಮರ. ಎಲ್ಲರ ಗೋರಿಯ ಹಾಗೆ. ಹೆಚ್ಚಿನದೇನೂ ಇಲ್ಲ, ಕಡಿಮೆಯೂ ಇಲ್ಲ. ದೀಪ ಉರಿಯುತ್ತಿದೆ.

ಈಗ ಸ್ವಾರಸ್ಯದ ವಿಷಯಕ್ಕೆ ಬರುತ್ತೇನೆ. ನನ್ನ ಸಂಶೋಧನೆ ಏನೆಂದರೆ, ನಮ್ಮ ದೇಶದಲ್ಲಿ ಆಸ್ತಿಗೆ ಇಲ್ಲದ ಭದ್ರತೆ ಅಸ್ಥಿಗೆ ಇದೆ, ಆದರೆ ಅದು ಸಾಕಷ್ಟು ಹಳೆಯದಾಗಿರಬೇಕು. ನೋಡು, ಗಾಜಿನೊಳಗಿನ ಆ ಹೆಂಗಸು ಬಾಡಿಗೆ ಕೊಡುವುದಿಲ್ಲ, ಅವಳಿಗೆ ಯಾರೂ ಫೋನು ಮಾಡಿ ಜಾಗ ಖಾಲಿ ಮಾಡು ಎನ್ನುವುದಿಲ್ಲ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬಿಸಿ, ಒಬ್ಬ ಕಾವಲಿನವಳು. ಈಗ ಸತ್ತವರಿಗೆ ಮೂರು ವರ್ಷದ ಮಣ್ಣು, ಆಮೇಲೆ ಎದ್ದು ಹೊರಡಬೇಕು. ನಾನೂ ತಸೂಲಾಳೂ ಅವಳಿಗೆ ನಾಮಕರಣ ಮಾಡಿದ್ದೇವೆ: ಬಾಡಿಗೆಯಿಲ್ಲದಮ್ಮ.

"ನಿಮ್ಮನೇಲಿ ಯಾರೂ ಇಲ್ವಾ ಮೇಷ್ಟ್ರೇ, ದಿನಾ ಇಲ್ಲೇ ಇರ್ತೀರ?" ಎಂದಳು ಮೊನ್ನೆ.

"ಹೆಂಡತಿ ತೀರ್ಕೊಂಡ್ಳು."

"ಪುಣ್ಯಾತ್ಗಿತ್ತಿ. ನನ್ನ ಗಂಡ ಬದುಕಿದಾನೆ. ಎಲ್ಲಿ ಅಂತ ಮಾತ್ರ ಗೊತ್ತಿಲ್ಲ. ನಿಮ್ದೇ ವಾಸಿ, ವಿಳಾಸ ಇದೆ."

ನಗಬೇಕಾದ ಮಾತು. ನಕ್ಕೆ. ನಕ್ಕಾಗ ಏನಾಗುತ್ತದೆ ಗೊತ್ತೇ? ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಇದೆಯೋ ಇಲ್ಲವೋ ಎಂದು ಕಚ್ಚಿ ನೋಡಿಕೊಳ್ಳುತ್ತೇವಲ್ಲ, ಹಾಗೆ. ಇದೆ ಎಂದು ಹಲ್ಲಿಗೆ ಗೊತ್ತಾಗುತ್ತದೆ, ತುಟಿಗೆ ಗೊತ್ತಾಗುವುದಿಲ್ಲ. ನೋವಿಲ್ಲ. ನೋವಿಲ್ಲದಿರುವುದು ಒಳ್ಳೆಯದೇ.

ನಾನು ಅಲ್ಲಿಗೆ ಹೋಗುವುದು ಸುಮ್ಮನೆ ಅಲ್ಲ. ಅಭ್ಯಾಸಕ್ಕೆ. ನಿನ್ನ ಅಪ್ಪ ದುರ್ಬಲ ಎಂದು ನೀನು ತಿಳಿದಿದ್ದರೆ ಅದು ತಪ್ಪು. ಆ ತಲೆಬುರುಡೆಯ ಎದುರು ಗಂಟೆಗಟ್ಟಲೆ ಕೂರುತ್ತೇನೆ. ಪಕ್ಕೆಲುಬು, ಬೆನ್ನುಮೂಳೆ, ಕಾಲ ಬೆರಳು, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತೇನೆ. ಮೂಳೆ ಎಂದರೆ ಸುಣ್ಣ. ಗೋಡೆಗೆ ಬಳಿಯುವುದೂ ಅದೇ. ಆ ದಿನ ಬಂದಾಗ, ಈ ಊರಿನಲ್ಲಿ ಇಷ್ಟು ತಯಾರಿ ಮಾಡಿಕೊಂಡು ಬಂದ ಗಂಡ ಇನ್ನೊಬ್ಬನಿರುವುದಿಲ್ಲ.

ದಿನ ಗೊತ್ತು ಮಾಡಬೇಕು. ಮಾಡುತ್ತೇನೆ. ಈಸ್ಟರ್ ಕಳೆಯಲಿ.

ಅರ್ಗಿರಿಸ್

*

ಎವ್ದಿಲೋಸ್
ಏಪ್ರಿಲ್ 22

ಅಪ್ಪಾ,

ನೀನು ಗೊತ್ತು ಮಾಡುವುದಿಲ್ಲ. ನಾನೇ ಕಚೇರಿಗೆ ಫೋನು ಮಾಡಿದೆ. ಜೂನ್ 21, ಮಂಗಳವಾರ, ಬೆಳಿಗ್ಗೆ. ತಿಂಗಳ ಕೊನೆಗೆ ಗಡುವು ಮುಗಿಯುತ್ತದೆ, ಇನ್ನೊಂದು ದಿನ ಕೊಡುವುದಿಲ್ಲ ಎಂದರು. ಎರಡನೇ ಸಾಲು, ಸೈಪ್ರಸ್ಸಿನ ಬಳಿ ಎಂದೂ ಹೇಳಿದರು. ನಿನಗೆ ಗೊತ್ತಿರುವುದೇ. ನಾನು ಹಿಂದಿನ ದಿನ ಪಿರೇಯಸ್ ಬಂದರಿಗೆ ಬಂದು ರಾತ್ರಿ ಬಸ್ಸು ಹಿಡಿಯುತ್ತೇನೆ.

ಪೆಟ್ಟಿಗೆ ಕೊಳ್ಳು. ಹೆಸರು ಬರೆಸು. ಅಮ್ಮ ತಾನೇ ನೇಯ್ದ ಬಿಳಿ ಹೊದಿಕೆ ಬಟ್ಟೆಯ ದೊಡ್ಡ ಪೆಟ್ಟಿಗೆಯ ತಳದಲ್ಲಿದೆ, ಮೂಳೆ ಒಣಗಿಸಲು ಹಾಸಬೇಕು. ತೊಳೆಯಲು ಅವಳ ಊರಿನದೇ ಕೆಂಪು ವೈನು. ಅಂಗಡಿಯದು ಬೇಡ.

ಒಂದು ಸಂಗತಿ ನಾನು ದಾದಿಯಾಗಿ ಹೇಳುತ್ತಿದ್ದೇನೆ. ಅಮ್ಮನ ಎಡಗೈ ಮಣಿಕಟ್ಟು ಮುರಿದು ಕೂಡಿಕೊಂಡಿತ್ತು. ಆ ಜಾಗದಲ್ಲಿ ಮೂಳೆ ಗಂಟಾಗಿರುತ್ತದೆ, ಮಣ್ಣಿನಲ್ಲೂ ಹೋಗುವುದಿಲ್ಲ. ಅದನ್ನು ನೋಡಿದಾಗ ಹೆದರಬೇಡ. ಅದು ಹೇಗೆ ಮುರಿಯಿತು ಎಂದು ಅವಳು ಒಮ್ಮೆಯೂ ನನಗೆ ಹೇಳಲಿಲ್ಲ. ಕೇಳಿದರೆ ನಗುತ್ತಿದ್ದಳು.

ಇನ್ನೊಂದು. ಮ್ಯೂಸಿಯಂ ಊರಿನ ಈ ತುದಿ, ಸ್ಮಶಾನ ಆ ತುದಿ. ಪ್ರತಿ ಶನಿವಾರ ಎರಡೂ ಕಡೆ ಹೋಗಲು ನಿನ್ನ ಮಂಡಿ ಒಪ್ಪುತ್ತದೆಯೇ?

ಮಿರ್ಸಿನಿ

*

ವೋಲೋಸ್
ಮೇ 7

ಪ್ರಿಯ ಮಿರ್ಸಿನಿ,

ಕ್ರಿಸ್ತ ಎದ್ದಿದ್ದಾನೆ. ಈಸ್ಟರಿನ ಕೆಂಪು ಮೊಟ್ಟೆ ನಾನೊಬ್ಬನೇ ಎರಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಕುಟ್ಟಿದೆ. ಎಡಗೈಯದು ಒಡೆಯಲಿಲ್ಲ, ಗೆದ್ದಿತು. ಬಲಗೈ ಮೋಸ ಎಂದು ದೂರುತ್ತಿದೆ.

ನನ್ನ ಮಂಡಿ ಕ್ಷೇಮ. ಬಸ್ಸಿದೆ.

ಪೆಟ್ಟಿಗೆ ಕೊಳ್ಳಲು ಹೋದೆ. ಅಂಗಡಿಯವನು ಟೇಪು ಹಿಡಿದು, "ಎತ್ತರ ಎಷ್ಟಿದ್ರು?" ಎಂದ. ನಾನು ಬಾಯಿ ತೆರೆದೆ, ಅಂಕಿ ಬರಲಿಲ್ಲ. ಗುರುತಿನ ಚೀಟಿಯಲ್ಲಿ ಇದ್ದಿರಬೇಕು, ಯಾರು ಓದಿದ್ದರು? ಕೈಯನ್ನು ನನ್ನ ಗದ್ದದ ಹತ್ತಿರ ಗಾಳಿಯಲ್ಲಿ ಹಿಡಿದು, "ಇಲ್ಲಿಗೆ ಬರ್ತಿದ್ಳು," ಎಂದೆ. ಅವನು ನನ್ನನ್ನೂ ಕೈಯನ್ನೂ ನೋಡಿ ಟೇಪನ್ನು ನೆಲದಿಂದ ಅಂಗೈವರೆಗೆ ಎಳೆದ. ಅಳತೆ ಮುಗಿದ ಮೇಲೂ ನನ್ನ ಕೈ ಅಲ್ಲೇ ಇತ್ತು. "ಇಳಿಸ್ಬಹುದು ಮೇಷ್ಟ್ರೇ," ಎಂದ. ಇಳಿಸಿದೆ.

ಉದ್ದ ಸಾಕೇ ಎಂಬ ಸಂಶಯ ಬಂದು ಪೆಟ್ಟಿಗೆ ಹೊತ್ತುಕೊಂಡು ಮ್ಯೂಸಿಯಮ್ಮಿಗೆ ಹೋದೆ. ತೊಡೆಯ ಮೂಳೆ ಹಿಡಿದರೆ ಮಿಕ್ಕದ್ದೆಲ್ಲ ಹಿಡಿಯುತ್ತದಂತೆ. ತಸೂಲಾ ಬಾಗಿಲಲ್ಲಿ ತಡೆದಳು.

"ಖಾಲಿ ತರೋದಕ್ಕೆ ಅಡ್ಡಿಯಿಲ್ಲ. ತುಂಬ್ಕೊಂಡು ಹೋಗ್ಬೇಡಿ, ಅಷ್ಟೆ."

ಅವಳು ಒಂದು ಕಡೆ, ನಾನು ಒಂದು ಕಡೆ ಹಿಡಿದು ಪೆಟ್ಟಿಗೆಯನ್ನು ಗಾಜಿನ ಮೇಲೆ, ಬಾಡಿಗೆಯಿಲ್ಲದಮ್ಮನ ತೊಡೆಯ ನೇರಕ್ಕೆ ಇಟ್ಟು ನೋಡಿದೆವು. ಆ ಹೊತ್ತಿಗೆ ಜರ್ಮನ್ ಪ್ರವಾಸಿಗಳ ಒಂದು ಗುಂಪು ಬಂತು. ಅವರಲ್ಲೊಬ್ಬ ನಮ್ಮ ಫೋಟೋ ತೆಗೆದ. ಯಾವುದೋ ಸಂಪ್ರದಾಯ ಎಂದುಕೊಂಡಿರಬೇಕು.

"ಹಿಡಿಯುತ್ತೆ," ಎಂದಳು ತಸೂಲಾ. "ನಿಮ್ಮೋರು ಇವಳಷ್ಟೇ ಎತ್ತರಾನಾ?"

"ಇವಳಷ್ಟೆ."

"ಇವಳಷ್ಟೇ ಮಾತು ಕಮ್ಮೀನಾ?"

"ಅಲ್ಲ. ಮನೇಲಿ ಮಾತು ಅವಳದು. ಜೋಕು ನನ್ದು."

ಪೆಟ್ಟಿಗೆ ಈಗ ಅಡುಗೆಮನೆಯ ಮೇಜಿನ ಮೇಲಿದೆ. ಹೆಸರು ಬರೆಸಿಲ್ಲ. ಬಣ್ಣದವನು ರಜೆಯಲ್ಲಿದ್ದಾನೆ. ಅದರಲ್ಲಿ ಸದ್ಯಕ್ಕೆ ಬ್ರೆಡ್ಡು ಇಡುತ್ತಿದ್ದೇನೆ. ಇರುವೆ ಬರುವುದಿಲ್ಲ.

ಮಣಿಕಟ್ಟು ಹೇಗೆ ಮುರಿಯಿತು ಎಂದು ಕೇಳಿದ್ದೀಯ. ನೀನು ಹುಟ್ಟುವ ಮೊದಲು, ಅವಳ ತವರಿನ ಆಲಿವ್ ಮರದ ಕೆಳಗೆ. ಅವಳು ಏಣಿಯ ಮೇಲೆ, ನಾನು ಏಣಿ ಹಿಡಿದವನು. ನಾನೊಂದು ಜೋಕು ಹೇಳಿದೆ. ಜೋಕಿಗೆ ಎರಡೂ ಕೈ ಬೇಕಾಯಿತು, ಏಣಿ ಬಿಟ್ಟೆ. ಅವಳು ನಗುತ್ತಲೇ ಬಿದ್ದಳು. ಬಿದ್ದ ಮೇಲೂ ನಗುತ್ತಿದ್ದಳು, ಮೂಳೆ ಮುರಿದದ್ದು ಆಮೇಲೆ ತಿಳಿಯಿತು. ಯಾವ ಜೋಕು ಎಂಬುದು ನನಗೆ ನೆನಪಿಲ್ಲ. ಅವಳಿಗೆ ನೆನಪಿತ್ತು.

ಹೆದರಬೇಡ ಎಂದು ಬರೆದಿದ್ದೀಯ. ಹೆದರಿಕೆ ನಿನಗಿರಲಿ. ನನ್ನ ಕಣ್ಣು ಈಗ ಪಳಗಿದೆ. ದೀಪ ಉರಿಯುತ್ತಿದೆ.

ಅರ್ಗಿರಿಸ್

*

ಎವ್ದಿಲೋಸ್
ಜೂನ್ 18, ಶನಿವಾರ

ಅಪ್ಪಾ,

ಹಡಗಿನವರ ಮುಷ್ಕರ. ಎಲ್ಲ ಹಡಗುಗಳನ್ನೂ ಕಟ್ಟಿಹಾಕಿದ್ದಾರೆ, ಮುಂದಿನ ವಾರ ಮುಗಿಯುವವರೆಗೆ ಬಿಚ್ಚುವುದಿಲ್ಲ. ಹೋದ ಸಲ ದೇವರ ಗಾಳಿ, ಈ ಸಲ ಸಂಘದ ಗಾಳಿ. ಒಬ್ಬ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಅಥೆನ್ಸಿಗೆ ಕಳಿಸುತ್ತಿದ್ದೇವೆ. ನನ್ನನ್ನೂ ಹತ್ತಿಸಿಕೊಳ್ಳಿ ಎಂದು ಬೇಡಿದೆ, ಜಾಗವಿಲ್ಲ ಎಂದರು. ಜೊತೆಗೆ ಹೋಗುವ ರೋಗಿಯ ಮಗನ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ, ಅವನು ಅಲ್ಲಿಂದ ನಾಳೆ ರಾತ್ರಿ ವೋಲೋಸ್ ಕಡೆಗೆ ಲಾರಿ ಹೊಡೆಯುತ್ತಾನೆ.

ನೀನೊಬ್ಬನೇ ಹೋಗಬೇಕು. ಹೋಗದಿದ್ದರೆ ಗುಂಡಿ. ಬೇರೇನೂ ಕೇಳುವುದಿಲ್ಲ. ಜೋಕು ಬೇಕಾದರೆ ಮಾಡು, ಏಣಿ ಮಾತ್ರ ಬಿಡಬೇಡ.

ಮಿರ್ಸಿನಿ

*

ವೋಲೋಸ್
ಬುಧವಾರ, ಜೂನ್ 22

ಪ್ರಿಯ ಮಿರ್ಸಿನಿ,

ಹೋದೆ. ಆಯಿತು.

ಪೆಟ್ಟಿಗೆಯಿಂದ ಬ್ರೆಡ್ಡಿನ ಚೂರು ಕೊಡವಿ, ಹೊದಿಕೆ ಮಡಿಸಿ, ನಿನ್ನ ಸೋದರಮಾವ ಅವಳ ಊರಿನಿಂದ ಕಳಿಸಿದ ವೈನಿನ ಶೀಶೆ ಕಂಕುಳಲ್ಲಿಟ್ಟುಕೊಂಡು, ಹೇಳಿದ ಹೊತ್ತಿಗಿಂತ ಮುಂಚೆಯೇ ಅಲ್ಲಿದ್ದೆ. ತಸೂಲಾ ರಜೆ ಹಾಕಿ ಬಂದಳು. ತೊಳೆಯುವುದು ಹೆಂಗಸರ ಕೆಲಸ, ನಿಮ್ಮ ಮಗಳಿಲ್ಲ, ನಾನಿದ್ದೇನೆ ಎಂದಳು. ಗೋರಿ ತೋಡುವವನು ನಿಧಾನಸ್ಥ, ಗುದ್ದಲಿಯಲ್ಲಿ ಸ್ವಲ್ಪ, ಆಮೇಲೆ ಕೈಯಲ್ಲಿ. ಮಣ್ಣು ತನ್ನ ಕೆಲಸ ಸರಿಯಾಗಿ ಮಾಡಿತ್ತು. ಮೊದಲು ತಲೆ ಬಂತು. ತಸೂಲಾ ಅದನ್ನು ಕೂಸಿನ ತಲೆ ಹಿಡಿಯುವ ಹಾಗೆ ಹಿಡಿದು ತೊಳೆದಳು. ಒಂದೊಂದಾಗಿ ಬಿಳಿ ಹೊದಿಕೆಯ ಮೇಲೆ, ಬಿಸಿಲಿಗೆ. ಪಾದ್ರಿಯವರು ಬಂದು ಪ್ರಾರ್ಥನೆ ಹೇಳಿದರು. ನಾನು ಕಂಬದ ಹಾಗೆ ನಿಂತಿದ್ದೆ. ಒಂದು ಹನಿ ಕಣ್ಣೀರಿಲ್ಲ. ಮುಖ ತಿರುಗಿಸಲಿಲ್ಲ. "ಗಟ್ಟಿ ಮನುಷ್ಯ," ಎಂದು ಗೋರಿಯವನು ಪಾದ್ರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಿನಗೆ ಹೇಳಿರಲಿಲ್ಲವೇ, ಇಷ್ಟು ತಯಾರಿ ಮಾಡಿದ ಗಂಡ ಇನ್ನೊಬ್ಬನಿಲ್ಲ ಎಂದು?

ಅಮ್ಮ ಈಗ ಅಸ್ಥಿಮನೆಯಲ್ಲಿದ್ದಾಳೆ, ಕಿಟಕಿಯ ಪಕ್ಕದ ಕಪಾಟು. ಬಣ್ಣದವನು ರಜೆಯಿಂದ ಬಂದಿದ್ದ. ಪೆಟ್ಟಿಗೆಯ ಮೇಲೆ ಅಂಥೂಲಾ ಎಂದು ಬರೆದಿದ್ದಾನೆ. ಬರೆಯುವ ಮುಂಚೆ ನಾನು ಬಾಯಿಬಿಟ್ಟು ಹೇಳಿದೆ. ಅಂಥೂಲಾ. ನೋಡು, ಇಲ್ಲಿಯೂ ಬರೆದೆ.

ಕಾಗದ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ತಸೂಲಾ ನನ್ನ ಎದುರಿಗೆ ಅಡುಗೆಮನೆಯಲ್ಲಿ ಕಾಫಿ ಇಟ್ಟುಕೊಂಡು ಕೂತಿದ್ದಾಳೆ. "ಪೂರ್ತಿ ಬರೀರಿ. ನೀವು ಬರೀದಿದ್ರೆ ನಾನು ಬರೀತೀನಿ. ನನ್ನ ಕಾಗುಣಿತ ನೋಡಿ ನಿಮ್ಮ ಮಗಳು ಇನ್ನೂ ಅಳ್ತಾಳೆ," ಎನ್ನುತ್ತಿದ್ದಾಳೆ.

ಹಾಗಾದರೆ ಪೂರ್ತಿ. ಗೇಟಿನಲ್ಲೇ ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಅಷ್ಟು ತಿಂಗಳು ಪಳಗಿಸಿದ ಕಣ್ಣು, ಬಸ್ಸಿನಿಂದ ಇಳಿಯುವ ಹೊತ್ತಿಗೆ ಕೈಕೊಟ್ಟಿತು. ಕನ್ನಡಕ ಇಲ್ಲದಿದ್ದರೆ ನನಗೆ ಮೂಳೆಯೂ ಒಂದೇ, ಮೋಡವೂ ಒಂದೇ. ಎರಡನೇ ಸಾಲು, ಸೈಪ್ರಸ್ಸಿನ ಬಳಿ. ಅಲ್ಲಿ ಎರಡು ದೀಪ ಮಸುಕಾಗಿ ಉರಿಯುತ್ತಿದ್ದವು. ಮರಕ್ಕೆ ಹತ್ತಿರದ್ದು ನಮ್ಮದು ಎಂದುಕೊಂಡೆ. ಇನ್ನೂ ಯಾರೂ ಬಂದಿರಲಿಲ್ಲ. ನಿಂತೆ. ಸುಮ್ಮನೆ ನಿಲ್ಲುವುದು ಹೇಗೆ ಎಂದು ಗುಡ್ ಮಾರ್ನಿಂಗ್ ಹೇಳಿದೆ. ಅಷ್ಟೇ, ಆಮೇಲೆ ಮಾತು ನಿಲ್ಲಲೇ ಇಲ್ಲ. ನಿನ್ನ ಧಕ್ಕೆಯ ಕಥೆ ಹೇಳಿದೆ. ಎರಡು ಕೈಯಲ್ಲಿ ಮೊಟ್ಟೆ ಕುಟ್ಟಿದ್ದು ಹೇಳಿದೆ. ಮಂಚದ ಅವಳ ಕಡೆಯ ಭಾಗದಲ್ಲಿ ನಾನು ಈಗಲೂ ಪುಸ್ತಕ ಇಡುವುದಿಲ್ಲ ಎಂದು ಹೇಳಿದೆ. ಆ ಜೋಕು ಯಾವುದಾಗಿತ್ತು, ಒಂದು ಸಲ ಹೇಳೇ ಎಂದು ಕೇಳಿದೆ. ಮಂಡಿಯೂರಿ, ಹೆಸರು ಹಿಡಿದು ಕೂಗಿ, ಅತ್ತೆ. ಹೌದು, ನಾನೇ. ಮೂಗಿನಿಂದ, ಬಾಯಿಂದ, ಶಾಲೆಯ ಹುಡುಗನ ಹಾಗೆ. ಶೀಶೆಯ ಬಿರಡೆ ಕಿತ್ತು ನಿನ್ನ ಮಾವನ ವೈನನ್ನು ಕೊನೆಯ ಹನಿಯವರೆಗೂ ಮಣ್ಣಿಗೆ ಸುರಿದೆ.

ಹಿಂದಿನಿಂದ ತಸೂಲಾ ಬಂದು ಭುಜ ಮುಟ್ಟಿದಳು.

"ಮೇಷ್ಟ್ರೇ, ಇದು ಗಂಡಸು."

ಶಿಲುಬೆಯ ಮೇಲಿನದನ್ನು ಅವಳೇ ಓದಿ ಹೇಳಿದಳು. ಬಂದರಿನ ಸುಂಕದ ಅಧಿಕಾರಿ, ನಿವೃತ್ತ. ಮಗಳೇ, ಮೂರು ವರ್ಷ ಒಳಗಿಟ್ಟುಕೊಂಡಿದ್ದನ್ನೆಲ್ಲ ನಾನು ಒಪ್ಪಿಸಿದ್ದು ಒಬ್ಬ ಸುಂಕದವನ ಮುಂದೆ.

ಅಂಥೂಲಾ ಅವನ ಪಕ್ಕದಲ್ಲಿದ್ದಳು. ಕೇಳಿಸಿಕೊಂಡಿರಬಹುದು, ಅವಳ ಕಿವಿ ಚುರುಕು. ಅವಳ ಬಳಿ ಹೋಗಿ ನಿಲ್ಲುವ ಹೊತ್ತಿಗೆ ನನ್ನಲ್ಲಿ ಅಳುವೂ ಖಾಲಿ, ವೈನೂ ಖಾಲಿ. ಕಂಬದ ಹಾಗೆ ನಿಂತಿದ್ದರ ಗುಟ್ಟು ಅದು. ತೊಳೆಯಲು ಗೋರಿಯವನು ತನ್ನ ಊಟದ ಬುತ್ತಿಯ ರೆಟ್ಸೀನಾ ವೈನು ಕೊಟ್ಟ. ರಾಳದ ವಾಸನೆ ಎಂದು ಅವಳು ಜನ್ಮದಲ್ಲಿ ಮುಟ್ಟದಿದ್ದ ರೆಟ್ಸೀನಾ. ಕೊನೆಗೆ ತಸೂಲಾ ಒಂದು ಮೂಳೆಯನ್ನು ನನ್ನ ಅಂಗೈಯಲ್ಲಿಟ್ಟು, "ಇದನ್ನ ನೀವೇ ಒರೆಸಿ," ಎಂದಳು. ನನಗೆ ಕಾಣಲಿಲ್ಲ. ಹೆಬ್ಬೆರಳು ತಾನಾಗಿಯೇ ಹೋಗಿ ಗಂಟಿನ ಮೇಲೆ ನಿಂತಿತು, ಸಿನಿಮಾದಲ್ಲಿ ಕತ್ತಲಲ್ಲಿ ಕೂತಾಗ ನಿಲ್ಲುತ್ತಿದ್ದ ಹಾಗೆ. ಹೊತ್ತಾಯಿತು ಎಂದು ಪಾದ್ರಿಯವರು ಕೆಮ್ಮುವವರೆಗೂ ಒರೆಸುತ್ತಲೇ ಇದ್ದೆ.

ಇಲ್ಲಿಗೂ ಮುಗಿಯಲಿಲ್ಲ. ತಸೂಲಾ ನನ್ನ ಪೆನ್ನನ್ನೇ ನೋಡುತ್ತಿದ್ದಾಳೆ.

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಕಪ್ಪು ಬಟ್ಟೆಯ ಒಬ್ಬ ಮುದುಕಿ ಎಣ್ಣೆಯ ಶೀಶೆ ಹಿಡಿದು ಬಂದಳು. ಸುಂಕದವನ ಹೆಂಡತಿ. ಗಂಡನ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಅದೇ ಕೈಯಲ್ಲಿ ಪಕ್ಕಕ್ಕೆ ತಿರುಗಿದವಳು ತೋಡಿದ ಮಣ್ಣು ನೋಡಿ ನಿಂತಳು.

"ಅಯ್ಯೋ, ಇವತ್ತೇ ತೆಗೆದ್ರಾ ಅಂಥೂಲಾನ?" ಎಂದಳು, ಪಕ್ಕದ ಮನೆಯವಳು ಊರು ಬಿಟ್ಟಳು ಎಂಬಂತೆ. ಆಮೇಲೆ ನನ್ನ ಕಡೆ ನೋಡಿ, "ಇವ್ರು ಯಾರು?"

"ಗಂಡ," ಎಂದಳು ತಸೂಲಾ.

"ಗಂಡ ಇದ್ನಾ?" ಮುದುಕಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಪಾಪ, ಈಯಮ್ಮಂಗೆ ಯಾರೂ ಇಲ್ಲ ಅಂದ್ಕೊಂಡು ನಾನೇ ದೀಪ ಹಚ್ತಿದ್ದೆ. ಆ ಗಿಡಾನೂ ನಂದೇ."

ಡಬ್ಬಿಯಲ್ಲಿದ್ದದ್ದು ಜೆರೇನಿಯಂ ಅಲ್ಲ, ತುಳಸಿಯಂಥ ಬೆಸಿಲ್. ದೀಪ ಉರಿಯುತ್ತಿದೆ ಎಂದು ಪ್ರತಿ ಕಾಗದದಲ್ಲೂ ಬರೆದೆನಲ್ಲ, ಆ ಒಂದು ಮಾತು ಮಾತ್ರ ಹೇಗೋ ನಿಜವಾಗಿತ್ತು. ಮಣ್ಣು ಹಾಕಿದ ದಿನದ ನಂತರ ನಾನು ಆ ಗೇಟು ದಾಟಿದ್ದು, ಮಿರ್ಸಿನಿ, ನಿನ್ನೆಯೇ ಮೊದಲು.

ಅಪ್ಪ